ಸಾಹೇಬರ ಸೀಟು

ನಡೆಯಲಾಗದ ರೋಗಿಗಳನ್ನು ಗೇಟಿನಿಂದ ವಾರ್ಡಿಗೆ ಒಯ್ಯಲೆಂದು ಆ ದೊಡ್ಡಾಸ್ಪತ್ರೆಗೆ ಒಂದು ಬ್ಯಾಟರಿ ಗಾಡಿ ಬಂತು. ಬಂದದ್ದೇ ತಡ, ಸೂಪರಿಂಟೆಂಡೆಂಟ್ ವಾಮನಮೂರ್ತಿಗಳು ಅದನ್ನು ತಮ್ಮ ಓಡಾಟಕ್ಕೆ ಇಟ್ಟುಕೊಂಡರು.

"ಹೊಚ್ಚ ಹೊಸ ಫಾರಿನ್ ಗಾಡಿ ಕಣಯ್ಯಾ," ಅಂದರು ಡ್ರೈವರನಿಗೆ.

ಡ್ರೈವರ್ ಹಿಂದಕ್ಕೆ ಹೋಗಿ ನೋಡಿದ. ಗಾಲ್ಫ್ ಆಡುವವರು ಕೋಲಿನ ಚೀಲ ನಿಲ್ಲಿಸುವ ಜಾಗ, ಸವೆದ ಬೆಲ್ಟು. ಯಾವುದೋ ಕ್ಲಬ್ಬಿನವರು ಬಳಸಿ ಬಿಟ್ಟ ಗಾಡಿ.

"ನಿನ್ನ ಪಕ್ಕ ನಾನು ಕೂರೋಕಾಗಲ್ಲ. ನನಗೇ ಅಂತ ಒಂದು ಮೆತ್ತನೆ ಸೀಟು ಹಾಕ್ಸು."

"ಆಗಲಿ ಸಾರ್."

ಚೀಲದ ಜಾಗದಲ್ಲೇ ಅವನು ಕೆಂಪು ರೆಕ್ಸಿನ್ ಸೀಟು ಕೂರಿಸಿದ, ಹಿಂದಕ್ಕೆ ಮುಖ ಮಾಡಿ. ಸಾಹೇಬರು ಕಾಲ ಮೇಲೆ ಕಾಲು ಹಾಕಿ ಕೂತರು. ಡ್ರೈವರ್ ಬೇಕಂತಲೇ ನಿಧಾನ ಬಿಟ್ಟ.

ವಾರ್ಡಿಗೆ ಹೊರಟವರೆಲ್ಲ ಗಾಡಿಯ ಹಿಂದೆಯೇ ಬರುತ್ತಿದ್ದರು. ಊರುಗೋಲಿನವರು, ಬ್ಯಾಂಡೇಜಿನವರು, ಮಗನ ಹೆಗಲು ಹಿಡಿದವರು. ಎಲ್ಲರ ಮುಖವೂ ಸಾಹೇಬರ ಮುಖದ ಎದುರಿಗೇ. ಅವರು ಅತ್ತ ನೋಡಿದರು, ಇತ್ತ ನೋಡಿದರು, ಮೊಬೈಲ್ ನೋಡಿದರು. ಮೇಲಿದ್ದ ಕಾಲು ಕೆಳಗಿಳಿಯಿತು.

ಮೊಣಕಾಲು ಬಾತ ಒಬ್ಬ ಅಜ್ಜಿ ಕುಂಟುತ್ತ ಹತ್ತಿರ ಬಂದು, ಕನಿಕರದಿಂದ ಕೇಳಿದಳು: "ಯಾಕಪ್ಪಾ, ನಿನ್ ಕಾಲಿಗೇನಾಗೈತಿ?"

ಸಾಹೇಬರ ಕಿವಿ ಕೆಂಪಾಯಿತು. "ನಿಲ್ಸಯ್ಯಾ," ಅಂದು ಇಳಿದು, ಅಜ್ಜಿಯನ್ನು ಕೈಹಿಡಿದು ಹತ್ತಿಸಿದರು.

"ಸೀಟು ಮುಂದಕ್ಕೆ ತಿರುಗಿಸಲಾ ಸಾರ್?" ಡ್ರೈವರ್ ಕೇಳಿದ.

"ಬೇಡ. ಹಂಗೇ ಇರ್ಲಿ."

ಗಾಡಿ ಹೊರಟಿತು. ಸಾಹೇಬರು ತಲೆ ತಗ್ಗಿಸಿಕೊಂಡು ಹಿಂದೆ ನಡೆದರು. ಅವರನ್ನೇ ನೋಡುತ್ತಿದ್ದ ಅಜ್ಜಿ ಡ್ರೈವರನಿಗೆ ಕೂಗಿ ಹೇಳಿದಳು: "ಮೆಲ್ಲಕ ಹೊಡಿಯಪ್ಪಾ. ಪಾಪ, ಆ ಮನುಷ್ಯಾಗೂ ಕಾಲು ನೋವೈತಿ."