ನೀರು ಚೆಲ್ಲಿದ ರಾಕೆಟ್

ಶಾಲೆಯ ಮೈದಾನದಲ್ಲಿ ಎರಡು ಪ್ಲಾಸ್ಟಿಕ್ ಬಾಟಲಿಗಳು ರಾಕೆಟ್‌ಗಳಾಗಿ ತಲೆಕೆಳಗಾಗಿ ನಿಂತಿದ್ದವು. ಒಳಗೆ ಸ್ವಲ್ಪ ನೀರು, ಬಾಯಿಗೆ ಬಿರಡೆ. ಸೈಕಲ್ ಪಂಪು ಗಾಳಿ ತುಂಬಿದಾಗ ಬೇವಿನ ಮರ ದಾಟಬೇಕು. ದಾಟದಿದ್ದರೆ ಗುಜರಿ ಚೀಲವೇ ಗತಿ.

"ನೀನು ದಂಡದ ಭಾರ, ಇಳಿ" ಎಂದು ಮೊದಲ ಬಾಟಲಿ ತನ್ನ ನೀರಿಗೆ ಹೇಳಿತು.

"ಅಣ್ಣಾ, ಗಾಳಿ ನನ್ನನ್ನು ಕೆಳಕ್ಕೆ ತಳ್ಳಿದರೆ ತಾನೆ ನೀನು ಮೇಲೇರೋದು?"

"ಹೆಗಲೇರಿ ಕೂತವರೆಲ್ಲ ಹೀಗೇ ಹೇಳೋದು!" ಬಾಟಲಿ ಬಿರಡೆ ಸಡಿಲಿಸಿ ನೀರನ್ನೆಲ್ಲ ಸುರಿದು, ಮತ್ತೆ ಬಿಗಿದುಕೊಂಡಿತು.

ಪಂಪು ಎರಡಕ್ಕೂ ಸಮನಾಗಿ ಗಾಳಿ ತುಂಬಿತು. ಬಿರಡೆಗಳು ಕಳಚಿದ್ದೇ, ಎರಡನೆಯದು ನೀರು ಚಿಮ್ಮಿಸುತ್ತ ಮರ ದಾಟಿತು. ಮೊದಲನೆಯದು ಬುಸ್ಸೆಂದು, ಮರದ ಕೆಳಗಿನ ಕೊಂಬೆಯನ್ನೂ ಮುಟ್ಟದೆ ಬಿತ್ತು.

ಗುಜರಿ ಚೀಲದೊಳಗೆ ಅದು ಪಕ್ಕದ ಡಬ್ಬಿಗೆ ಪಿಸುಗುಟ್ಟಿತು: "ಅವನಿಗೆ ಪಂಪಿನ ವಶೀಲಿ ಇತ್ತು, ಬಿಡಿ."