ಜೌಗಿಗಿಳಿದ ದಳವಾಯಿ

“ಕೋಟೆಯ ಪಕ್ಕದ ಆ ಜೌಗು ನನಗೆ ಕೊಡಿ ಪ್ರಭು. ನೀರು ಬಸಿದು, ವರ್ಷದೊಳಗೆ ಕಬ್ಬು ಬೆಳೆದು ತೋರಿಸುತ್ತೇನೆ!” ದಳವಾಯಿ ಉಗ್ರಪ್ಪ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ದೊರೆ ಸೋಮಲನಾಯಕನ ಅಜ್ಜನ ಕಾಲದಿಂದಲೂ ಆ ಜೌಗು ದನಗಳ ಮೇವಿಗೆಂದು ಬಿಟ್ಟ ಕಾವಲು. ಅಲ್ಲಿ ನೇಗಿಲು ಹೂಡುವಂತಿಲ್ಲ, ಹಕ್ಕಿಗೆ ಬಲೆ ಬೀಸುವಂತಿಲ್ಲ. ಊರೆಲ್ಲ ಒಣಗಿದರೂ ಅಲ್ಲಿ ಹಸಿರು ಹುಲ್ಲು.

ಎಮ್ಮೆ ಮೇಯಿಸುವ ಗೌರವ್ವ ಓಡಿಬಂದು ಕೈಮುಗಿದಳು. “ಅದನ್ನೂ ಕಿತ್ಕೊಂಡ್ರೆ ಬೇಸಿಗೇಲಿ ನನ್ ಎಮ್ಮೆಗಳು ಏನು ತಿನ್ಬೇಕು, ನಮ್ಮಪ್ಪಾ?”

ದಳವಾಯಿಗೆ ಇಲ್ಲವೆನ್ನಲು ದೊರೆಗೆ ಅಳುಕು. ಆಸ್ಥಾನದ ಜಾಣ ಬೊಪ್ಪಣ್ಣನ ಮುಖ ನೋಡಿದ. ಬೊಪ್ಪಣ್ಣನಿಗೆ ಒಳಗೊಳಗೇ ಸಿಟ್ಟು ಕುದಿಯುತ್ತಿತ್ತು. ಆದರೂ ನಗುತ್ತಲೇ ಎದ್ದ.

“ಕೊಟ್ಟುಬಿಡಿ ಪ್ರಭು. ಆದರೆ ಕಾವಲು ಅಂದಮೇಲೆ ಕಾಯುವವರು ಇದ್ದಾರೋ ಇಲ್ಲವೋ ನೋಡಬೇಡವೇ? ದಳವಾಯಿಗಳು ಸದ್ದಾಗದ ಹಾಗೆ ಹೋಗಿ ನಡುವಿನ ದಿಬ್ಬ ಮುಟ್ಟಿ ಬರಲಿ. ಬಂದರೆ ಜೌಗು ಅವರದೇ.”

“ಶತ್ರುಗಳ ಕೋಟೆಗೇ ಕದ್ದು ನುಗ್ಗಿದವನು ನಾನು!” ಉಗ್ರಪ್ಪ ಹೊಟ್ಟೆ ಹಿಡಿದು ನಕ್ಕ.

ಮರುದಿನ ಬೆಳಿಗ್ಗೆ ದೊರೆ, ಬೊಪ್ಪಣ್ಣ, ಊರವರೆಲ್ಲ ದಂಡೆಯಲ್ಲಿ ನಿಂತರು. ಉಗ್ರಪ್ಪ ಬಗ್ಗಿಕೊಂಡು ಜೊಂಡಿನೊಳಗೆ ಹೊಕ್ಕ. ನಾಲ್ಕು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ಕಾವಿಗೆ ಕೂತಿದ್ದ ಟಿಟ್ಟಿಭ ಹಕ್ಕಿ ಕಿರುಚುತ್ತ ಮೇಲೆದ್ದಿತು. ಅದರ ಹಿಂದೆಯೇ ಬಾತು, ಕೊಕ್ಕರೆ, ಬೆಳ್ಳಕ್ಕಿ ಎಲ್ಲ ಎದ್ದು ಆಕಾಶದ ತುಂಬ ಗದ್ದಲ. ಎಳೆಗರುವಿದ್ದ ಎಮ್ಮೆಯೊಂದು ಬುಸುಗುಟ್ಟಿ ಕೋಡು ಬಾಗಿಸಿತು. ದಳವಾಯಿ ದಿಕ್ಕೆಟ್ಟು ಓಡಿದ. ಓಡಿ ಸೊಂಟದವರೆಗೆ ಕೆಸರಿನಲ್ಲಿ ಹೂತುಹೋದ.

“ಅಯ್ಯೋ, ಎಳೀರೋ ನನ್ನ!”

ಗೌರವ್ವನೇ ಹಗ್ಗ ಎಸೆದು, ಇನ್ನೊಂದು ತುದಿಯನ್ನು ತನ್ನ ಕೋಣಕ್ಕೆ ಕಟ್ಟಿ ಎಳೆಸಿದಳು.

ಉಗ್ರಪ್ಪ ನಾರುವ ಕೆಸರು ಉಗುಳುತ್ತ ಅರಚಿದ: “ಪ್ರಭು, ಇದನ್ನು ಇವತ್ತೇ ಬಸಿಸಿಬಿಡಿ! ಒಬ್ಬನಲ್ಲ, ಇಡೀ ದಂಡೇ ಮುಳುಗಿಹೋಗುತ್ತದೆ ಇದರಲ್ಲಿ!”

“ಕೇಳಿದಿರಾ ಪ್ರಭು?” ಬೊಪ್ಪಣ್ಣ ಕೈಮುಗಿದ. “ಶತ್ರುಗಳ ದಂಡನ್ನೇ ನುಂಗಬಲ್ಲ ಜೌಗು ನಮ್ಮ ಕೋಟೆಗೆ ಅಡ್ಡ ಮಲಗಿದೆ. ಅದನ್ನು ಬಸಿದು ಅವರಿಗೆ ದಾರಿ ಮಾಡಿಕೊಡಿ ಅಂತ ನಮ್ಮ ದಳವಾಯಿಗಳೇ ಕೇಳುತ್ತಿದ್ದಾರೆ!”

ದೊರೆಗೆ ನಗು ತಡೆಯಲಾಗಲಿಲ್ಲ. “ಕಾವಲು ಇದ್ದ ಹಾಗೇ ಇರಲಿ. ಗೌರವ್ವ, ನೀನು ನಿಶ್ಚಿಂತೆಯಿಂದ ಹೋಗು. ಬೊಪ್ಪಣ್ಣ, ನಿನಗೇನು ಬೇಕೋ ಕೇಳು.”

“ಒಂದು ಹಂಡೆ ಬಿಸಿನೀರು ಪ್ರಭು.”

“ಅಷ್ಟೇನಾ? ನಿನಗೇಕೆ ಅದು?”

“ನನಗಲ್ಲ, ದಳವಾಯಿಗಳಿಗೆ. ಗಾಳಿ ನನ್ನ ಕಡೆಗೇ ಬೀಸುತ್ತಿದೆ!”