ಸವಡಿ ಸರ್ ಬರೆದ ಶಿಫಾರಸು ಪತ್ರ

ಧಾರವಾಡದ ಸುಮಂಗಲಾಗೆ ಜರ್ಮನಿಯಲ್ಲಿ ಎಂ.ಎಸ್ಸಿ. ಓದುವ ಆಸೆ. ಅರ್ಜಿಗೆ ಅಂದೇ ಕೊನೆಯ ದಿನ. ಪ್ರೊಫೆಸರ್ ಸವಡಿಯವರ ಶಿಫಾರಸು ಪತ್ರವೊಂದೇ ಬಾಕಿ.

ಸವಡಿಯವರು ಮೀಸೆ ತಿರುವಿದರು. "ಮೂವತ್ತು ವರ್ಷದಾಗ ಒಬ್ಬರನ್ನೂ ಹೊಗಳಿಲ್ಲ ನಾ. ನಿನ್ನ ಹೊಗಳತೀನೇನು?"

"ನನ್ನ ಹೊಗಳಬ್ಯಾಡ್ರಿ ಸರ್. ನಿಮ್ಮ ಪಾಠದಿಂದ ನಾ ಏನೇನು ಕಲಿತೆ, ಅಷ್ಟ ಬರೀರಿ."

ಸವಡಿಯವರ ಮುಖ ಅರಳಿತು. ಪೆನ್ನು ಹಿಡಿದವರು ಊಟಕ್ಕೂ ಏಳಲಿಲ್ಲ. ಮೂರು ಪುಟ ತುಂಬಿದ ಮೇಲೆ ಓದಿ ನೋಡಿ ಬೆಚ್ಚಿದರು.

"ಏನವಾ, ಇದರ ತುಂಬ ನಿನ್ನ ಹೊಗಳಿಕೆನ ಐತಲ್ಲ!"

"ಹಂಗಾರ ಅಳಿಸಿಬಿಡ್ರಿ ಸರ್. ಆದರ ನಿಮ್ಮ ಪಾಠ ಯಾರ ತಲಿಗೂ ಹತ್ತಿಲ್ಲ ಅಂತ ಜರ್ಮನಿಯವರು ತಿಳಕೋತಾರ."

ಸವಡಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಸಹಿ ಹಾಕಿದರು.

ಎರಡು ತಿಂಗಳಿಗೆ ಸುಮಂಗಲಾಗೆ ಸೀಟು ಸಿಕ್ಕಿತು. ಅಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಪೇಢೆ ಹಂಚಿದವರು ಸವಡಿಯವರೇ.